ನವಿಲು ಹಾಕದ ಒಂದು ಚಿತ್ರ

ಖಾಲಿ ಜಾಗ ಕಂಡರೆ ಸದಾನಂದಣ್ಣನಿಗೆ ಕೈ ತುರಿಸುತ್ತಿತ್ತು. ಆದಿ ಉಡುಪಿಯ ಅವರ ಫ್ಲೆಕ್ಸ್ ಅಂಗಡಿಗೆ ನೀವು ಲುಂಗಿ ಉಟ್ಟ ಫೋಟೋ ಕೊಟ್ಟರೆ, ಸಂಜೆಯೊಳಗೆ ಸೂಟು ತೊಟ್ಟು ಚಿನ್ನದ ಸಿಂಹಾಸನದಲ್ಲಿ ಕೂತಿರುತ್ತಿದ್ದಿರಿ. ಸಿಂಹಾಸನವನ್ನು ಅವರು ಕಂಪ್ಯೂಟರಿನಲ್ಲೇ ಕಡೆದು, ತಿರುಗಿಸಿ ನೋಡಿ, ಹೊಳಪು ಕೊಟ್ಟು ನಿಮ್ಮನ್ನು ಕೂರಿಸುವುದು. ಹಿಂದೆ ಜಲಪಾತ, ಮೇಲೆ ಗೊಂಚಲು ದೀಪ, ಇಕ್ಕೆಲಗಳಲ್ಲಿ ನವಿಲು. ಕಾರ್ಕಳ ಕಡೆಯ ಒಬ್ಬ ಪುಢಾರಿಯ ಹುಟ್ಟುಹಬ್ಬಕ್ಕೆ ಕಾಲಬುಡದಲ್ಲಿ ಎರಡು ಸಿಂಹಗಳನ್ನೂ ಮಲಗಿಸಿದ್ದರು. ಬೀದಿನಾಯಿಗೆ ಹೆದರಿ ಕಾರಿನಿಂದ ಇಳಿಯದ ಆ ಮನುಷ್ಯ ಬ್ಯಾನರಿನ ಎದುರು ನಿಂತು ಸೆಲ್ಫಿ ತೆಗೆದುಕೊಂಡರು.

“ಜಾಗ ಬಿಟ್ಟರೆ ನಾವು ಕೆಲಸವೇ ಮಾಡಲಿಲ್ಲ ಅಂತ ಗಿರಾಕಿಗೆ ಕಾಣ್ತದೆ ಮಾರಾಯ,” ಎನ್ನುತ್ತಿದ್ದರು.

ಇವರ ಕಲೆಯ ಪರಮ ಭಕ್ತ ದುಬೈಯಲ್ಲಿದ್ದ ನನ್ನ ಅಣ್ಣ ದಿನೇಶ. ಮಟ್ಟುವಿನ ನಮ್ಮ ಮನೆಯಲ್ಲಿ ಏನೇ ನಡೆದರೂ ಅಲ್ಲಿಂದ ನೇರ ಅಂಗಡಿಗೆ ಒಂದು ಸೆಲ್ಫಿ ಕಳಿಸುತ್ತಿದ್ದ. ಸದಾನಂದಣ್ಣ ಅವನಿಗೆ ಪಂಚೆ ಉಡಿಸಿ, ಶಾಲು ಹೊದಿಸಿ, ಅಮ್ಮನ ಪಕ್ಕ ನಿಲ್ಲಿಸುತ್ತಿದ್ದರು. ಹೀಗೆ ಅವನು ನನ್ನ ಮದುವೆಗೆ ಬಂದ, ಮಗಳ ನಾಮಕರಣಕ್ಕೆ ಬಂದ, ಅಪ್ಪನ ವರ್ಷಾಂತಿಕಕ್ಕೂ ನಗುನಗುತ್ತಾ ಬಂದ. ಒಂದು ದಿನದ ರಜೆಯೂ ಖರ್ಚಾಗಲಿಲ್ಲ. “ದಿನೇಶ ಬಂದಿದ್ನಾ? ನಮಗೆ ಹೇಳಲೇ ಇಲ್ಲ!” ಎಂದು ನೆಂಟರು ಮುನಿಸಿಕೊಂಡದ್ದೂ ಉಂಟು.

ಅಮ್ಮನಿಗೆ ಎಪ್ಪತ್ತು ತುಂಬಿದಾಗ ಮತ್ತೆ ಸೆಲ್ಫಿ ಬಂತು. ಅಮ್ಮ ನನ್ನನ್ನು ಕರೆದುಕೊಂಡು ನೇರ ಅಂಗಡಿಗೇ ಹೋದರು.

“ಸದಾನಂದ, ಈ ಸಲ ಅವನನ್ನು ಹಾಕುವುದು ಬೇಡ. ಅವನ ಜಾಗ ಹಾಗೇ ಇರಲಿ. ನೀನು ಇಲ್ಲಿ ಹಾಕಿ ಹಾಕಿಯೇ ಅವನು ಅಲ್ಲಿ ಆರಾಮಾಗಿ ಕೂತದ್ದು.”

ಸದಾನಂದಣ್ಣನ ಮುಖ ಬಾಡಿತು. “ಒಂದು ಹೂಕುಂಡ ಇಡ್ಲಾ?”

“ಬೇಡ.”

“ಸಣ್ಣ ನವಿಲಾದರೂ, ಅಮ್ಮಾ?”

“ನಾನು ನವಿಲನ್ನು ಹೆತ್ತದ್ದಲ್ಲ.”

ಅವರು ಮೌಸ್ ಬಿಟ್ಟು ಎರಡೂ ಕೈಗಳನ್ನು ತೊಡೆಯ ಕೆಳಗೆ ಸಿಕ್ಕಿಸಿಕೊಂಡು ಕೂತರು. ಚಿತ್ರ ಹಾಗೆಯೇ ದುಬೈಗೆ ಹೋಯಿತು: ನಾವೆಲ್ಲ, ನಡುವೆ ಅಮ್ಮ, ಅಮ್ಮನ ಬಲಕ್ಕೆ ಒಬ್ಬ ಆಳು ನಿಲ್ಲುವಷ್ಟು ಬರೀ ಗೋಡೆ.

ಅಣ್ಣ ಫೋನ್ ಮಾಡಿದ್ದು ಅಮ್ಮನಿಗಲ್ಲ, ಸದಾನಂದಣ್ಣನಿಗೆ. ಫ್ರೇಮ್ ತರಲು ಹೋಗಿದ್ದ ನಾನು ಎದುರಿಗೇ ಇದ್ದೆ; ಫೋನ್ ಸ್ಪೀಕರಿನಲ್ಲಿತ್ತು.

“ನನ್ನನ್ನೇ ಮರೆತ್ರಲ್ಲ ಸದಾನಂದಣ್ಣ! ಬೇರೆ ಸೆಲ್ಫಿ ಕಳಿಸ್ತೇನೆ, ಬೇಗ ಸೇರಿಸಿ.”

ಗಿರಾಕಿಗೆ ಇಲ್ಲವೆಂದು ಹೇಳಿ ಗೊತ್ತೇ ಇಲ್ಲದ ಮನುಷ್ಯ ಗಂಟಲು ಸರಿಮಾಡಿಕೊಂಡರು. “ಅದು ನನ್ನಿಂದ ಆಗುವುದಿಲ್ಲ ದಿನೇಶ. ಅಲ್ಲಿಗೆ ನೀನೇ ಬಂದು ನಿಲ್ಲಬೇಕಷ್ಟೆ.” ಫೋನಿಟ್ಟು ನನ್ನತ್ತ ತಿರುಗಿ, “ಒಂದು ಒಳ್ಳೆ ಗಿರಾಕಿ ಹೋಯ್ತು ಮಾರಾಯ,” ಎಂದರು. ಅವರ ಮೇಲೆ ನನಗೆ ಎಂದೂ ಇಲ್ಲದ ಪ್ರೀತಿ ಉಕ್ಕಿತು. ನಾನು ಅವರನ್ನು ಕೊನೆಯದಾಗಿ ನೋಡಿದ್ದೂ ಅಂದೇ.

ಮಳೆಗಾಲ ಮುಗಿದ ಮೇಲೆ ಅಣ್ಣ ನಿಜವಾಗಿಯೇ ಬಂದ. ತಲೆ ಪೂರ್ತಿ ಬೋಳು. ಇಷ್ಟು ವರ್ಷ ಕೂದಲನ್ನೂ ಸದಾನಂದಣ್ಣನೇ ಒದಗಿಸುತ್ತಿದ್ದರೆಂದು ಆಗ ತಿಳಿಯಿತು. ಮರುದಿನವೇ ಅಮ್ಮ ಅವನ ಕೈ ಹಿಡಿದು ಆದಿ ಉಡುಪಿಗೆ ಕರೆದುಕೊಂಡು ಹೋದರು; ಜೊತೆಗೆ ನಾನೂ ಹೋದೆ.

ಅಂಗಡಿಯ ಶಟರ್ ಎಳೆದಿತ್ತು. ಪಕ್ಕದ ಕ್ಯಾಂಟೀನಿನವರು ಹೊರಬಂದರು. “ನಿಮಗೆ ಗೊತ್ತಾಗಲಿಲ್ವಾ? ಸದಾನಂದಣ್ಣ ಹೋದ ವಾರ ಕಾಪುವಿನ ಮನೆಯಲ್ಲಿ ಹಾರ್ಟ್ ಅಟ್ಯಾಕ್ ಆಗಿ ತೀರಿಕೊಂಡರು.”

ಅಮ್ಮ ಅಣ್ಣನ ಕೈ ಬಿಡಲಿಲ್ಲ. ಅವನನ್ನು ಆ ಶಟರಿನ ಎದುರು ನಿಲ್ಲಿಸಿ, “ಇಗೋ ಸದಾನಂದ, ಬಂದಿದ್ದಾನೆ ನೋಡು,” ಎಂದರು.