ಕಾಗದದ ಮೇಲಿನ ಮೂರು ವರ್ಷ

ನಾನು ಹುಟ್ಟಿದ್ದು ಗೌರಿ ಹಬ್ಬದ ಹಿಂದಿನ ದಿನ. ಪಾಸ್‌ಪೋರ್ಟಿನಲ್ಲಿ ಮಾತ್ರ ಜೂನ್ ಒಂದು, ಅದೂ ಒಂದು ವರ್ಷಕ್ಕಿಂತ ಹೆಚ್ಚು ಮುಂಚೆ. ನನ್ನನ್ನು ಬೇಗ ಶಾಲೆಗೆ ಹಾಕುವ ಅವಸರ ಅಪ್ಪನಿಗೆ. ಮೈಸೂರಿನ ನಮ್ಮ ಶಾಲೆಯ ಹೆಡ್‌ಮಾಸ್ಟರು ಕೇಳಿದವರಿಗೆಲ್ಲ ಜೂನ್ ಒಂದನ್ನು ದಾನ ಮಾಡುತ್ತಿದ್ದರು. ತರಗತಿಯಲ್ಲಿ ಅರ್ಧಕ್ಕರ್ಧ ಮಕ್ಕಳು ಒಂದೇ ದಿನ ಹುಟ್ಟಿದವರು. ಆ ಸುಳ್ಳಿನ ಪುಣ್ಯದಿಂದ, ನಿಜಕ್ಕೂ ಐವತ್ತು ತುಂಬುವ ಮೊದಲೇ, ಐರ್ಲೆಂಡಿನ ಬ್ಯಾಲಿನ್‌ಕೊಲಿಗ್‌ನ ನಮ್ಮ ಮನೆಗೆ ಸರ್ಕಾರದ ಪತ್ರ ಬಂತು. ಐವತ್ತಾದ ಹೆಂಗಸರಿಗೆ ಸ್ತನ ಕ್ಯಾನ್ಸರಿನ ತಪಾಸಣೆ, ಉಚಿತ, ಬನ್ನಿ ಎಂದು. ಅದನ್ನು ಫ್ರಿಜ್ಜಿಗೆ ಸಿಕ್ಕಿಸಿ ಮರೆತೆ. ಮರುತಿಂಗಳು ಕೋವಿಡ್ ಬಂದು ತಪಾಸಣೆಯೇ ನಿಂತುಹೋಯಿತು. ನಾಚಿಕೆಯಾಗುತ್ತದೆ ಹೇಳಲು, ಆಗ ನನಗೆ ನಿರಾಳವಾಗಿತ್ತು.

ಆ ಪತ್ರವನ್ನು ಮರೆಯದೆ ಇದ್ದವಳು ಪಕ್ಕದ ಮನೆಯವಳು. ಇರಾಕಿನವಳು. ಗಂಡ ಹತ್ತಿರದ ಕಾರ್ಕ್ ನಗರದಲ್ಲಿ ಟ್ಯಾಕ್ಸಿ ಓಡಿಸುತ್ತಿದ್ದರು. ಮದುವೆಯಾಗಿ ಹದಿನಾಲ್ಕು ವರ್ಷಕ್ಕೆ ಹುಟ್ಟಿದ ಒಬ್ಬಳೇ ಮಗಳು, ಆಗ ಹದಿಮೂರರವಳು. ತಾಯಿ ನನ್ನನ್ನು ‘ಉಖ್ತಿ’ ಎಂದು ಕರೆಯುತ್ತಿದ್ದಳು. ಮೊದಮೊದಲು ನನಗೆ ಅದು ‘ಉಕ್ತಿ’ ಎಂದೇ ಕೇಳಿಸಿ, ಇವಳಿಗೆ ನಾನು ಯಾವ ಉಕ್ತಿ ಹೇಳಲಿ ಎಂದು ತಲೆ ಕೆರೆದುಕೊಂಡಿದ್ದೆ. ಅಕ್ಕ ಎಂದು ಅರ್ಥವಂತೆ. ದ್ರಾಕ್ಷಿ ಎಲೆಯಲ್ಲಿ ಅನ್ನ ಸುತ್ತಿ ಬೇಯಿಸಿದ್ದನ್ನು ತಂದುಕೊಡಲು ಬಂದ ಒಂದು ದಿನ ಅವಳು ಫ್ರಿಜ್ಜಿನ ಮುಂದೆ ನಿಂತು ಆ ಪತ್ರವನ್ನು ಬೆರಳಿಟ್ಟು ಓದಿದಳು.

ಮೊದಲ ಲಾಕ್‌ಡೌನಿನಲ್ಲಿ ನಾವಿಬ್ಬರೂ ನದಿ ಪಕ್ಕದ ಪಾರ್ಕಿನಲ್ಲಿ ದಿನಾ ನಡೆಯುತ್ತಿದ್ದೆವು, ನಡುವೆ ಎರಡು ಮೀಟರ್ ಬಿಟ್ಟು. ಗುಟ್ಟನ್ನೂ ಕೂಗಿಯೇ ಹೇಳಬೇಕು. ನನ್ನ ಜೂನ್ ಒಂದರ ಕತೆ ಹೇಳಿದಾಗ ಅವಳು ನಕ್ಕು ನಕ್ಕು ಅಲ್ಲೇ ಬೆಂಚಿನ ಮೇಲೆ ಕುಳಿತುಬಿಟ್ಟಳು. ಅವಳದು ಜುಲೈ ಒಂದಂತೆ. ಅವಳ ಹುಟ್ಟನ್ನು ಯಾರೂ ಬರೆಸಿರಲಿಲ್ಲ. ಮದುವೆಯ ಹೊತ್ತಿಗೆ ಅಪ್ಪ ಕಾಗದ ಮಾಡಿಸುವಾಗ ಮೂರು ವರ್ಷ ಸೇರಿಸಿ ಹದಿನೆಂಟು ಎಂದು ಬರೆಸಿದ್ದ. ಅವಳ ಮಾತು ನನ್ನ ನೆನಪಿನಲ್ಲಿ ಕನ್ನಡದಲ್ಲೇ ಉಳಿದಿದೆ.

“ಮನೆಯವರಿಗೂ ಗೊತ್ತಿಲ್ಲ. ಹೇಳ್ಬೇಡ. ಒಳ್ಳೇ ಮನುಷ್ಯ, ನೊಂದ್ಕೋತಾರೆ.”

“ನಾನ್ಯಾಕೆ ಹೇಳ್ಲಿ?” ಎಂದು ಮಾತು ಕೊಟ್ಟೆ.

ಸ್ವಲ್ಪ ದೂರ ನಡೆದ ಮೇಲೆ ಕೇಳಿದಳು: “ಆ ಪತ್ರ ನಂಗೂ ಬರತ್ತಾ? ಪೇಪರಲ್ಲಿ ನಂಗೆ ಬರೋ ಜುಲೈಗೆ ನಲವತ್ತೈದು.”

“ಇನ್ನೂ ಐದು ವರ್ಷ ಇದೆ. ನಿಜ ವಯಸ್ಸು ಹಿಡಿದ್ರೆ ಎಂಟು. ಆರಾಮಾಗಿರು ಮಾರಾಯ್ತಿ, ನೀನಿನ್ನೂ ಚಿಕ್ಕವಳು.”

ನಾನು ಹೊಟ್ಟೆಪಾಡಿಗೆ ಮಾಡುವುದು ಸಾಫ್ಟ್‌ವೇರ್ ಟೆಸ್ಟಿಂಗ್, ಅಂದರೆ ಇನ್ನೊಬ್ಬರ ಕೆಲಸದಲ್ಲಿ ತಪ್ಪು ಹುಡುಕುವುದು. ಯಾಕೆ ಕೇಳ್ತಿದೀಯ ಎಂಬ ಒಂದು ಮಾತು ಅವತ್ತು ನನ್ನ ಬಾಯಿಂದ ಹೊರಡಲಿಲ್ಲ. ನಿಯಮ ನನಗೆ ಗೊತ್ತಿದೆ ಎಂಬ ಜಂಬ.

ಆಗಲೇ ಅವಳ ಎದೆಯಲ್ಲಿ ಕಡಲೆಕಾಳಿನಷ್ಟು ಗಂಟಿತ್ತು. ಅದನ್ನು ಅವಳು ನನಗೆ ಹೇಳಿದ್ದು ನವೆಂಬರಿನಲ್ಲಿ, ನಮ್ಮಿಬ್ಬರ ಹಿತ್ತಿಲ ನಡುವಿನ ಬೇಲಿಯ ಹತ್ತಿರ. ನನಗೆ ಬಂದದ್ದು ಮೊದಲು ಸಿಟ್ಟು.

“ಇಷ್ಟು ತಿಂಗಳು ಬಾಯಿಗೆ ಬೀಗ ಹಾಕ್ಕೊಂಡಿದ್ಯಾ?”

“ಡಾಕ್ಟ್ರು ಈಗ ಫೋನಲ್ಲೇ ನೋಡೋದು. ನನ್ನ ಪರವಾಗಿ ಮಾತಾಡೋಳು ಮಗಳು. ಅವಳ ಬಾಯಲ್ಲಿ ಇದನ್ನ ಹೇಗೆ ಹೇಳಿಸ್ಲಿ? ಅಲ್ದೆ, ಐವತ್ತರವರೆಗೂ ಆರಾಮಾಗಿರು ಅಂತ ನೀನೇ ಹೇಳಿದ್ಯಲ್ಲ.”

ಅದರಲ್ಲಿ ಚುಚ್ಚುವ ಉದ್ದೇಶ ಅವಳಿಗೆ ಖಂಡಿತ ಇರಲಿಲ್ಲ. ಆದರೂ ಆ ಮಾತು ನನ್ನೊಳಗೆ ಇವತ್ತಿಗೂ ಮುಳ್ಳಿನ ಹಾಗೆ ಇದೆ.

ಅವತ್ತೇ ನಾನೇ ಡಾಕ್ಟರಿಗೆ ಫೋನ್ ಮಾಡಿದೆ. ಎರಡು ವಾರಕ್ಕೆ ಆಸ್ಪತ್ರೆಯಿಂದ ಕರೆ ಬಂತು. ಒಳಗೆ ಬಿಡುತ್ತಿದ್ದದ್ದು ರೋಗಿಯನ್ನು ಮಾತ್ರ. ನಾನು ಕಾರ್ ಪಾರ್ಕಿನಲ್ಲಿ ಕುಳಿತು ಫೋನನ್ನು ಕಿವಿಗೆ ಒತ್ತಿಕೊಂಡಿದ್ದೆ. ಒಳಗೆ ಅವಳ ಫೋನ್ ಮೇಜಿನ ಮೇಲಿತ್ತು. ನನಗೆ ಅರಬ್ಬಿ ಬರುವುದಿಲ್ಲ. ಅವಳ ಇಂಗ್ಲಿಷನ್ನು ಇಂಗ್ಲಿಷಿಗೆ ಅನುವಾದಿಸುವುದಷ್ಟೇ ನನ್ನ ಕೆಲಸ. ನರ್ಸ್ ಹುಟ್ಟಿದ ದಿನಾಂಕ ಕೇಳಿದಳು. ಅವಳು ಪಾಠ ಒಪ್ಪಿಸುವ ಹಾಗೆ ಜುಲೈ ಒಂದು ಎಂದು ಆ ಸುಳ್ಳು ಇಸವಿಯನ್ನೂ ಹೇಳಿದಳು. ನಾನು ತೆಪ್ಪಗಿದ್ದೆ. ಬರೆದುಕೊಂಡದ್ದು ನಲವತ್ತೈದು.

ವರದಿ ಬಂದ ದಿನವೂ ಹಾಗೆಯೇ ಕಾರಿನಲ್ಲಿ ಕುಳಿತು ಕೇಳಿದೆ. ಕ್ಯಾನ್ಸರು ಕಂಕುಳಿಗೂ ಹರಡಿತ್ತು. ಅರಬ್ ಹೆಂಗಸರಲ್ಲಿ ಇದು ಎಷ್ಟೋ ಸಲ ಇಲ್ಲಿನವರಿಗಿಂತ ಚಿಕ್ಕ ವಯಸ್ಸಿನಲ್ಲೇ ಕಾಣಿಸಿಕೊಳ್ಳುತ್ತದೆ, ಗಂಟು ಕಂಡರೆ ಯಾವ ವಯಸ್ಸಿನವರೂ ಪತ್ರಕ್ಕೆ ಕಾಯಬಾರದು ಎಂದಳು ನರ್ಸ್. ಮೆತ್ತಗಿನ ದನಿಯಲ್ಲೇ ಹೇಳಿದಳು. ಅವಳು ಹೇಳಿದ್ದು ನನಗೇ ಎಂದುಕೊಂಡೆ.

ಕಾರಿಗೆ ಬಂದು ಕುಳಿತವಳು ಮಾಸ್ಕ್ ತೆಗೆದು, “ನಮ್ಮಪ್ಪ ಸುಳ್ಳು ಹೇಳೋದು ಹೇಳ್ದ, ಇನ್ನೊಂದೈದು ಸೇರಿಸಿದ್ರೆ ಏನಾಗ್ತಿತ್ತು? ನಂಗೂ ಪತ್ರ ಬಂದಿರೋದು” ಎಂದು ನಕ್ಕಳು. ನಾನು ಸ್ಟೀರಿಂಗ್ ಮೇಲೆ ತಲೆಯಿಟ್ಟು ಅತ್ತೆ. ಸಮಾಧಾನ ಮಾಡಿದವಳೂ ಅವಳೇ.

ಆಮೇಲೆ ಒಂದು ವರ್ಷ. ಕೂದಲು ಹೋಯಿತು, ಉಗುರು ಕಪ್ಪಾಯಿತು. ಅವಳು ಬಾಗಿಲಿಗೆ ಬರುವುದೂ ಕಡಿಮೆಯಾಯಿತು. ನಾನು ಅನ್ನ ಸಾರು ಮಾಡಿ ಹೊಸ್ತಿಲ ಮೇಲಿಟ್ಟು, ಬೆಲ್ ಒತ್ತಿ ಹಿಂದೆ ಸರಿದು ನಿಲ್ಲುತ್ತಿದ್ದೆ. ಡಬ್ಬಿ ಎತ್ತಿಕೊಳ್ಳಲು ಬರುವ ಹುಡುಗಿ “ಮಮ್ಮಿ ಈಸ್ ಗ್ರ್ಯಾಂಡ್, ಆಂಟಿ” ಎನ್ನುತ್ತಿದ್ದಳು, ಕಾರ್ಕ್‌ನ ರಾಗದಲ್ಲಿ. ಚೆನ್ನಾಗಿದ್ದಾಳೆ ಎಂದು ಅರ್ಥ; ಇಲ್ಲಿ ಎಲ್ಲದಕ್ಕೂ ಗ್ರ್ಯಾಂಡ್. ನಾನೂ ‘ಗ್ರ್ಯಾಂಡ್’ ಎಂದು ವಾಪಸ್ ಬರುತ್ತಿದ್ದೆ. ಮರುವರ್ಷದ ಡಿಸೆಂಬರಿನಲ್ಲಿ ಅವಳು ಹೋದಳು. ಗೋರಿಯ ಫಲಕದ ಮೇಲೂ ಜುಲೈ ಒಂದೇ ಬಂತು. ಸತ್ತ ಮೇಲೂ ಆ ಮೂರು ವರ್ಷ ಅವಳನ್ನು ಬಿಡಲಿಲ್ಲ.

ಜನವರಿಯ ಒಂದು ಮಧ್ಯಾಹ್ನ ಅವಳ ಗಂಡ ನಮ್ಮ ಡಬ್ಬಿಗಳನ್ನೆಲ್ಲ ತೊಳೆದು ವಾಪಸ್ ತಂದರು. ಅಡುಗೆಮನೆಯಲ್ಲಿ ಕೂರಿಸಿ ಟೀ ಕೊಟ್ಟೆ. ಮಗಳ ವಿಷಯಕ್ಕೆ ಆಸ್ಪತ್ರೆಯವರನ್ನು ಕಂಡು ಬಂದಿದ್ದರು. ತಾಯಿಗೆ ಕಾಯಿಲೆ ಬಂದ ವಯಸ್ಸಿಗಿಂತ ಹತ್ತು ವರ್ಷ ಮೊದಲೇ ಮಗಳಿಗೆ ತಪಾಸಣೆ ಶುರುವಾಗಬೇಕಂತೆ.

“ನಲವತ್ತೈದಕ್ಕೆ ಬಂತಲ್ಲ, ಇವಳಿಗೆ ಮೂವತ್ತೈದರಿಂದ. ಬರೆದಿಟ್ಟಿದ್ದೀನಿ. ನಾನು ಇರ್ತೀನೋ ಇಲ್ವೋ, ನಿಮಗೂ ಗೊತ್ತಿರ್ಲಿ.”

ನನ್ನ ಕೈಯಲ್ಲಿ ಸಕ್ಕರೆಯ ಚಮಚ ಹಾಗೇ ನಿಂತಿತು. ಪಾರ್ಕಿನಲ್ಲಿ ಕೊಟ್ಟ ಮಾತು ನೆನಪಿತ್ತು. ಅದೇ ಪಾರ್ಕಿನಲ್ಲಿ ನಾನು ಆಡಿದ ಇನ್ನೊಂದು ಮಾತೂ ನೆನಪಿತ್ತು. ಈ ಸಲ ವಯಸ್ಸಿನ ಲೆಕ್ಕದಲ್ಲಿ ತಪ್ಪಾಗಲು ಬಿಡಲಾರೆ ಅನ್ನಿಸಿತು.

“ಮೂವತ್ತೈದು ಅಲ್ಲ, ಮೂವತ್ತೆರಡು ಅಂತ ಬರ್ಕೊಳ್ಳಿ. ಅವಳಿಗೆ ನಲವತ್ತೈದಾಗಿರ್ಲಿಲ್ಲ. ನಲವತ್ತೆರಡು. ಅವರಪ್ಪ ಮೂರು ವರ್ಷ ಜಾಸ್ತಿ ಬರೆಸಿದ್ರು. ನಿಮಗೆ ಹೇಳ್ಬೇಡ ಅಂದಿದ್ಳು.”

ಅವರು ಜೇಬಿನಿಂದ ಚೀಟಿ ತೆಗೆದು, ಮೂವತ್ತೈದನ್ನು ಹೊಡೆದು ಮೂವತ್ತೆರಡು ಎಂದು ಬರೆದರು. ಆಮೇಲೆ ಪೆನ್ನು ಅಲ್ಲೇ ನಿಂತಿತು. ಅವರ ಲೆಕ್ಕ ಈಗ ಹಿಂದಕ್ಕೆ, ಮದುವೆಯ ದಿನದ ಕಡೆಗೆ ಹೊರಟಿದೆ ಎಂದು ನನಗೆ ತಿಳಿಯಿತು. ತಡೆಯಲು ನನ್ನ ಹತ್ತಿರ ಏನೂ ಇರಲಿಲ್ಲ.

ಹೊರಗೆ ಹುಡುಗಿ ಶಾಲೆಯ ಯೂನಿಫಾರ್ಮಿನಲ್ಲೇ ಗೋಡೆಗೆ ಚೆಂಡು ಹೊಡೆಯುತ್ತಿದ್ದಳು. ಅವರು ಕಿಟಕಿಯಿಂದ ಅವಳನ್ನೇ ತುಂಬ ಹೊತ್ತು ನೋಡಿದರು.

“ಮುಂದಿನ ತಿಂಗಳು ಅವಳಿಗೆ ಹದಿನೈದು ತುಂಬತ್ತೆ” ಎಂದರು. ಟೀ ಕುಡಿಯದೆ ಎದ್ದು ಹೋದರು.