ಹೋಳೂರಿನ ಗೋಡೆಯ ಮೇಲಿನ ವಿಮಾನ

ಕಣ್ಣಿಗೆ ಕಾಣದ್ದನ್ನು ನಾನು ನಂಬಿದವನಲ್ಲ. ಯಾರಾದರೂ ಅಂಥ ಕಥೆ ಶುರುಮಾಡಿದರೆ ಟೀ ಕುಡಿಯುವ ನೆಪದಲ್ಲಿ ಎದ್ದು ಹೋಗುತ್ತಿದ್ದೆ. ಓದಿದ್ದು ಭೌತಶಾಸ್ತ್ರ, ಕೆಲಸ ನರಸಾಪುರದ ಕಾರ್ಖಾನೆಯೊಂದರ ಯಂತ್ರಗಳ ನಡುವೆ. ಈಗ ನಾನೇ ಅಂಥದ್ದೊಂದನ್ನು ಬರೆಯುತ್ತಿದ್ದೇನೆ. ನೀವು ಎದ್ದು ಹೋದರೂ ನನಗೆ ಬೇಸರವಿಲ್ಲ.

ಹಳೆಯ ಯುದ್ಧವಿಮಾನಗಳ ಫೋಟೊ ಕೂಡಿಡುವ ಹುಚ್ಚು ನನಗಿದೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಕೋಲಾರದ ಬಯಲಿನಿಂದ ಭಾರಿ ಬಾಂಬರ್‌ಗಳು ಹಾರುತ್ತಿದ್ದವು ಎಂಬುದು ನಮ್ಮವರಿಗೇ ಮರೆತುಹೋಗಿದೆ. ಆಕಾಶದಲ್ಲಿ ಎಂಜಿನ್ ಸದ್ದಾದರೆ ಉಣ್ಣುವ ಎಲೆ ಬಿಟ್ಟು ಹೊರಗೆ ಓಡುವ ಚಾಳಿ ನನ್ನದು. ಧಾರೆಯ ಹೊತ್ತಿನಲ್ಲೂ ಮೇಲೆ ನೋಡುತ್ತಿದ್ದೆ ಎಂದು ಹೆಂಡತಿ ಇಂದಿಗೂ ಆಡಿಕೊಳ್ಳುತ್ತಾಳೆ.

ಕೆಲವು ವರ್ಷಗಳ ಹಿಂದೆ ಮಹಾಲಯ ಅಮಾವಾಸ್ಯೆಯ ಮಧ್ಯಾಹ್ನ, ಹೋಳೂರಿನ ಹತ್ತಿರ ನಾರಾಯಣಪ್ಪ ಎಂಬ ಹಿರಿಯ ರೈತರ ಮನೆಗೆ ಹೋದೆ. ಕಲ್ಲು ಚಪ್ಪಡಿ ಹೊದಿಸಿದ ಹಳೆಯ ಮನೆ. ನಡುಮನೆಯ ಗೋಡೆಯಲ್ಲಿ ತೀರಿಕೊಂಡ ಹಿರಿಯರ ಪಟಗಳ ಪಕ್ಕದಲ್ಲೇ ನಾನು ಹುಡುಕಿ ಬಂದ ಫೋಟೊ ಇತ್ತು. ನಾಲ್ಕು ಎಂಜಿನ್ನಿನ ವಿಮಾನ, ರೆಕ್ಕೆಯ ನೆರಳಿನಲ್ಲಿ ಚಡ್ಡಿ ತೊಟ್ಟ ಎಂಟು ಜನ ಬಿಳಿಯರು. ಒಬ್ಬ ಕಣ್ಣು ಮುಚ್ಚಿ ನಗುತ್ತಿದ್ದಾನೆ, ಇನ್ನೊಬ್ಬನ ಕೈಯಲ್ಲಿ ಅರ್ಧ ಕಚ್ಚಿದ ಸೀಬೆಹಣ್ಣು. ಎಲ್ಲರಿಗೂ ಇಪ್ಪತ್ತರ ಆಸುಪಾಸು. ಆ ವಯಸ್ಸಿನಲ್ಲಿ ಅಷ್ಟು ದೊಡ್ಡ ಲೋಹದ ರಾಶಿಯನ್ನು ಮೇಲಕ್ಕೆತ್ತಿ ಸಮುದ್ರ ದಾಟುತ್ತಿದ್ದವರು! ನಾನಾದರೋ ಬಸ್ಸಿನ ಬಾಗಿಲಲ್ಲಿ ಜೋತಾಡಿದ್ದನ್ನೇ ಧೈರ್ಯ ಅಂದುಕೊಂಡಿದ್ದೆ.

ನಾರಾಯಣಪ್ಪನವರ ತಂದೆ ಆ ವಿಮಾನಗಳ ಚಕ್ರಕ್ಕೆ ಮರದ ತುಂಡು ಒತ್ತುಕೊಡುವ ಕೂಲಿ. ಒಂದು ಬೆಳಿಗ್ಗೆ ಈ ಎಂಟು ಜನ ಫೋಟೊವನ್ನು ಅವರ ಕೈಗಿತ್ತು ಹಾರಿಹೋದರು. ತಂದೆ ತುಂಡು ಹಿಡಿದುಕೊಂಡು ಕತ್ತಲಾಗುವವರೆಗೂ ಕಾದರಂತೆ. ವಿಮಾನ ಬರಲಿಲ್ಲ. ಕೂಲಿಯವನಿಗೆ ಕರೆದು ಹೇಳುವವರು ಯಾರು? ಆ ತುಂಡು ಇನ್ನೂ ಮನೆಯಲ್ಲಿತ್ತು, ನಡುಮನೆಯ ಬಾಗಿಲು ಬಡಿಯದಂತೆ ಒತ್ತುಕೊಟ್ಟಿದ್ದರು.

"ಎಲ್ಲಾದ್ರೂ ಇಳಿದ್ರಾ ಅಂತ ನಮ್ಮಪ್ಪ ಸಾಯೋವರ್ಗೂ ಕೇಳ್ತಾನೇ ಇದ್ದ ಸಾರ್," ಎಂದರು ನಾರಾಯಣಪ್ಪ. "ನೀವು ಓದಿದೋರು, ಹುಡುಕಿ ಹೇಳಿ. ಸತ್ತಿದ್ದು ಗೊತ್ತಿಲ್ದೆ ಎಡೆ ಇಡಬಾರ್ದು ಅಂತ ಅವನು ಇಡ್ತಿರಲಿಲ್ಲ. ಈಗ ಇದ್ರೂ ನೂರರ ಹತ್ತಿರ ಇರ್ತಾರೆ. ಇವತ್ತು ಇಟ್ಬಿಡೋಣ ಅಂತ."

ಹಿರಿಯರ ಎಲೆಗಳ ಪಕ್ಕ ಇನ್ನೊಂದು ಎಲೆ ಬಿತ್ತು. ಕೋಳಿ ಸಾರು, ವಡೆ, ಜೊತೆಗೆ ಬೇಕರಿಯಿಂದ ತಂದ ಎಂಟು ಬನ್ನು. ಎಡೆ ಇಟ್ಟ ಮೇಲೆ ಬಾಗಿಲು ಮುಚ್ಚಿ ಸ್ವಲ್ಪ ಹೊತ್ತು ಎಲ್ಲರೂ ಹೊರಗಿರಬೇಕು. ನಾನು ಏಳಲಿಲ್ಲ. ಬೆಳಕಿಂಡಿಯಿಂದ ಒಳ್ಳೆಯ ಬಿಸಿಲು ಬೀಳುತ್ತಿತ್ತು, ಫೋಟೊವನ್ನು ಮೊಳೆಯಿಂದ ಇಳಿಸಿ ಕೈಯಲ್ಲಿ ಹಿಡಿದು ಕೂತಿದ್ದೆ.

"ಬಾರಪ್ಪಾ ಆಚೆ. ದೊಡ್ಡೋರು ಉಣ್ಣೋವಾಗ ಒಳಗೆ ಕೂತ್ರೆ ನಿನ್ನನ್ನೂ ಪಂಕ್ತೀಲಿ ಸೇರಿಸ್ಕೊಂಡ್ಬಿಡ್ತಾರೆ!" ಎಂದು ಅವರ ಹೆಂಡತಿ ವೆಂಕಟಮ್ಮ ರೇಗಿಸಿದರು.

"ಐದೇ ನಿಮಿಷ ಅಮ್ಮ."

"ಬನ್ನು ಎಣಿಸಿಟ್ಟಿದ್ದೀನಿ, ನೋಡ್ಕೊ!"

ನಾರಾಯಣಪ್ಪ ನಗುತ್ತ ಮರದ ತುಂಡು ತೆಗೆದು ಬಾಗಿಲು ಎಳೆದುಕೊಂಡರು.

ಸದ್ದು ಮೊದಲು ಅಂಗಾಲಿಗೆ ತಾಗಿತು. ಆಮೇಲೆ ಕಿವಿಗೆ. ಜೆಟ್ ವಿಮಾನದ ಕಿರುಚಲಲ್ಲ. ಹಳೆಯ ಧ್ವನಿಮುದ್ರಣಗಳಲ್ಲಿ ನೂರಾರು ಸಲ ಕೇಳಿದ್ದ, ನಾಲ್ಕು ಎಂಜಿನ್ನುಗಳು ಒಟ್ಟಿಗೆ ಗುಡುಗುವ ಸದ್ದು. ಎಡೆಯ ಮುಂದಿನ ಹಿತ್ತಾಳೆ ಲೋಟ ಅದುರುತ್ತಿತ್ತು. ತಲೆಯ ಮೇಲೆಯೇ ಬಂತು. ನಾನು ಏನನ್ನೂ ಯೋಚಿಸಲಿಲ್ಲ. ಚಿಕ್ಕಂದಿನಿಂದ ಮಾಡಿದ್ದನ್ನೇ ಮಾಡಿದೆ. ಫೋಟೊ ಹಿಡಿದಂತೆಯೇ ಬಾಗಿಲು ತೆರೆದು ಅಂಗಳಕ್ಕೆ ಓಡಿದೆ.

ಆಕಾಶ ಖಾಲಿ.

"ಎಂಜಿನ್ ಸದ್ದು ಬಂತಲ್ಲ, ಎಲ್ಲಿ ಹೋಯ್ತು ವಿಮಾನ?" ಎಂದೆ.

"ಯಾವ ಸದ್ದು ಸಾರ್?" ಎಂದರು ನಾರಾಯಣಪ್ಪ.

"ಏಮಪ್ಪಾ, ದೊಡ್ಡೋರು ನಿನಗೂ ಎಲೆ ಹಾಕಿಬಿಟ್ರಾ?" ಎಂದು ವೆಂಕಟಮ್ಮ ನಕ್ಕರು. ಆ ನಗು ಮುಗಿಯುವ ಮೊದಲೇ ಒಳಗೆ ಚಾವಣಿ ಬಿತ್ತು.

ದೂಳು ಇಳಿದ ಮೇಲೆ ನೋಡಿದೆವು. ಮಂಚದಷ್ಟು ಅಗಲದ ಚಪ್ಪಡಿ, ಸರಿಯಾಗಿ ನಾನು ಕೂತಿದ್ದ ಜಾಗದಲ್ಲಿ. ಅದರಡಿಯಲ್ಲಿ ಎಲೆಗಳು. ವೆಂಕಟಮ್ಮ "ಅಯ್ಯೋ ದೇವುಡಾ" ಎನ್ನುತ್ತ ನೀರು ತಂದುಕೊಟ್ಟರು. ಈಗಲೂ ಮಲಗುವ ಮುಂಚೆ ಆ ಏಳೆಂಟು ಹೆಜ್ಜೆಗಳನ್ನು ಓಡುತ್ತಿರುತ್ತೇನೆ. ಕೆಲವು ಸಲ ಬಾಗಿಲು ತಲುಪುವುದೇ ಇಲ್ಲ.

ನಾರಾಯಣಪ್ಪ ನನ್ನ ಕೈಯಿಂದ ಫೋಟೊ ತೆಗೆದುಕೊಂಡು ಹೆಗಲ ಟವೆಲ್ಲಿನಿಂದ ಒರೆಸಿದರು. ಆಮೇಲೆ ಮೆಲ್ಲಗೆ ಕೇಳಿದರು.

"ಇಳೀತಾ ಸಾರ್?"

"ಗೊತ್ತಾಗ್ಲಿಲ್ಲ," ಎಂದೆ.

ಒಂದು ವಾರದ ಮಳೆಗೆ ಚಪ್ಪಡಿ ನೆನೆದಿತ್ತು. ಬೀಳುವ ಮುನ್ನ ಕಲ್ಲು ಕಲ್ಲಿಗೆ ಉಜ್ಜಿರಬಹುದು, ನನ್ನ ಹುಚ್ಚು ಕಿವಿ ಅದನ್ನೇ ಎಂಜಿನ್ ಮಾಡಿಕೊಂಡಿರಬಹುದು. ಈ ವಿವರಣೆ ನನಗೆ ಇಷ್ಟ. ಆದರೆ ಬಾಗಿಲಾಚೆ ನಾಲ್ಕು ಹೆಜ್ಜೆ ದೂರದಲ್ಲಿದ್ದ ಇಬ್ಬರಿಗೂ ಏನೂ ಕೇಳಿಸಿರಲಿಲ್ಲ. ಆ ಎಂಟು ಜನರ ಬಗ್ಗೆ ಹುಡುಕುತ್ತಲೇ ಇದ್ದೇನೆ, ಏನೂ ಸಿಕ್ಕಿಲ್ಲ.

ಚಾವಣಿ ರಿಪೇರಿಯಾದ ಮೇಲೆ ಒಮ್ಮೆ ಹೋಗಿದ್ದೆ. ಫೋಟೊ ಹಿರಿಯರ ಸಾಲಿನಲ್ಲಿರಲಿಲ್ಲ. ಎದುರಿನ ಗೋಡೆಯ ಗೂಡಿನಲ್ಲಿ ಒಂದೇ ನಿಂತಿತ್ತು, ಮುಂದಕ್ಕೆ ಜಾರದಂತೆ ಅದಕ್ಕೆ ಆ ಮರದ ತುಂಡು ಒತ್ತುಕೊಟ್ಟಿದ್ದರು. "ಇನ್ನು ಇವರಿಗೆ ಎಡೆ ಇಡಲ್ಲ ಸಾರ್," ಎಂದರು ನಾರಾಯಣಪ್ಪ.

ಅವರಿಗೆ ಒಂದು ಮಾತು ಇನ್ನೂ ಹೇಳಿಲ್ಲ. ದೂರ ಹೋಗುವ ವಿಮಾನದ ಸದ್ದು ಕ್ರಮೇಣ ಕರಗುತ್ತದೆ. ಅಂದಿನದು ಕರಗಲಿಲ್ಲ, ನಾನು ಹೊಸ್ತಿಲು ದಾಟುತ್ತಿದ್ದಂತೆ ಥಟ್ಟನೆ ನಿಂತಿತು. ಇಳಿದ ವಿಮಾನದ ಎಂಜಿನ್ನೂ ಹಾಗೆಯೇ ನಿಲ್ಲುತ್ತದೆ, ಬಿದ್ದದ್ದರದೂ ಹಾಗೆಯೇ.