ಹಲ್ಲು ಕೊಡಲು ಹೋದ ನೀಲಗಂಗವ್ವ

ಬನವಾಸಿಯ ನೀಲಗಂಗವ್ವ ಉಳವಿಗೆ ನಡೆದು ಹೋಗಲು ಒಂಬತ್ತು ವರ್ಷ ತಯಾರಿ ನಡೆಸಿದಳು. ಉಳವಿ ಎಂದರೆ ಕಾಳಿ ಹೊಳೆಯ ಆಚೆ, ಕಾಡಿನ ನಡುವೆ ಇರುವ ಚೆನ್ನಬಸವಣ್ಣನ ಸ್ಥಳ. ಮಾಘದ ಹುಣ್ಣಿಮೆಗೆ ಅಲ್ಲಿ ಮುಟ್ಟಬೇಕಾದರೆ ಚಳಿ ಕೊರೆಯುವಾಗಲೇ ಮನೆ ಬಿಡಬೇಕು. ಶಿರಸಿ, ಯಲ್ಲಾಪುರ ದಾಟಿ ಐದು ದಿನದ ನಡಿಗೆ. ಗಂಡ ತೀರಿಕೊಂಡ ಮೇಲೆ ಕಿರಾಣಿ ಅಂಗಡಿಯನ್ನು ಒಬ್ಬಳೇ ನಡೆಸುತ್ತಿದ್ದ ನೀಲಗಂಗವ್ವನಿಗೆ ಭಕ್ತಿಯೂ ಇತ್ತು, ಕಾಲಲ್ಲಿ ಕಸುವೂ ಇತ್ತು. ಹೊತ್ತೊಯ್ಯುವ ಸಾಮಾನು ಮಾತ್ರ ಮನಸ್ಸಿಗೆ ಒಪ್ಪುತ್ತಿರಲಿಲ್ಲ.

ಮೊದಲ ಎರಡು ವರ್ಷ ಕಂಬಳಿಗೇ ಹೋದವು. ಕರಿ ಕಂಬಳಿ ಬೆಚ್ಚಗಿತ್ತು, ಆದರೆ ಇಬ್ಬನಿ ಕುಡಿದರೆ ಎಷ್ಟು ಭಾರವಾದೀತು? ಅದನ್ನು ಹಿತ್ತಲ ಬೇಲಿಯ ಮೇಲೆ ಹರವಿಟ್ಟು, ಬೆಳಿಗ್ಗೆ ಎದ್ದು ಅಂಗಡಿಯ ತಕ್ಕಡಿಯಲ್ಲಿ ತೂಗಿ ತಲೆಯಾಡಿಸಿದಳು. ಕೌದಿ ಹಗುರ, ಗಾಳಿ ತಡೆಯದು. ಸೊಲ್ಲಾಪುರದ ಚಾದರ ಎರಡಕ್ಕೂ ಆಗದು. ಆಮೇಲೆ ಚಪ್ಪಲಿ. ಮೊಳೆ ಹೊಡೆದ ತೊಗಲಿನದೋ, ಲಾರಿ ಟಾಯರಿನ ಅಟ್ಟೆಯದೋ? ಚಪ್ಪಲಿ ಹೊಲಿಯುವ ದ್ಯಾಮಪ್ಪನಿಂದ ಎರಡನ್ನೂ ಮಾಡಿಸಿ, ಎಡಗಾಲಿಗೆ ಒಂದು, ಬಲಗಾಲಿಗೆ ಇನ್ನೊಂದು ಮೆಟ್ಟಿ ಹದಿನೈದು ದಿನ ಊರು ಸುತ್ತಿದಳು. ಒಂದು ಅಟ್ಟೆ ದಪ್ಪ, ಇನ್ನೊಂದು ತೆಳು. ಅವಳು ಕುಂಟುವುದನ್ನು ಕಂಡು ಪಾರ್ಶ್ವವಾಯು ಬಡಿಯಿತೆಂದೇ ತಿಳಿದು ಮೂರು ಮನೆಯವರು ಎಣ್ಣೆ ತಂದುಕೊಟ್ಟರು. ಅವಳು ಎಣ್ಣೆಯನ್ನೂ ತೂಗಿ ಬೇಡವೆಂದಳು.

ಇಷ್ಟರಲ್ಲಿ ಸುತ್ತಲಿನ ಹಳ್ಳಿಗಳಿಂದ ಉಳವಿಗೆ ಹೋಗುವವರೆಲ್ಲ ಮೊದಲು ಅವಳ ಅಂಗಡಿಗೆ ಬರತೊಡಗಿದರು. ಅವಳು ಎಲ್ಲರ ಗಂಟು ಬಿಚ್ಚಿಸಿ, ಅರ್ಧ ಸಾಮಾನು ತೆಗೆದು ಬದಿಗಿಟ್ಟು, ಉಳಿದುದನ್ನು ಕಟ್ಟಿಕೊಡುವಳು. ಒಬ್ಬೊಬ್ಬರಿಗೆ ಐದು ಸೇರು, ಅದಕ್ಕಿಂತ ಒಂದು ಗುಂಜಿಯೂ ಹೆಚ್ಚಿಗೆ ಇಲ್ಲ. ಒಂಬತ್ತನೆಯ ವರ್ಷ ಅವಳ ಗಂಟೂ ಐದು ಸೇರಿಗೆ ಸರಿಹೋಯಿತು. ಆದರೆ ಆ ವರ್ಷವೇ ಸರಕಾರ ಸೇರು ತೆಗೆದು ಕಿಲೋ ತಂದಿತು. ನೀಲಗಂಗವ್ವ ಎಲ್ಲವನ್ನೂ ಮತ್ತೆ ಮೊದಲಿನಿಂದ ತೂಗಲು ಕುಳಿತಳು.

"ನಾ ಹನ್ನೊಂದು ಸರ್ತಿ ಹೋಗೀನಿ. ಒಂದು ಜೋಳಿಗಿ, ಒಂದು ಕಂಬಳಿ. ತಂಗೀ, ಈ ವರ್ಷ ಆದ್ರೂ ಏಳು," ಎಂದರು ಮಠದ ಸಂಗಯ್ಯನವರು.

"ಕಿಲೋ ಕೈಗೆ ಹತ್ಲಿ, ಅಯ್ಯಾರ. ಮುಂದಿನ ವರ್ಷ ನೋಡೂಣು," ಎಂದಳು.

ಸಂಗಯ್ಯನವರ ಜೊತೆ ಹೊರಟ ನಾಲ್ವರಲ್ಲಿ ಭತ್ತದ ವ್ಯಾಪಾರಿ ಶಿವಪುತ್ರಪ್ಪನೂ ಇದ್ದ. ಅವನ ಗಂಟಿನಲ್ಲಿ ಬಟ್ಟೆಯಲ್ಲಿ ಸುತ್ತಿದ ಸಣ್ಣ ಪೊಟ್ಟಣ ಸಿಕ್ಕಿತು.

"ಇದೇನ್ರಿ ಅಣ್ಣಾರ?"

ಶಿವಪುತ್ರಪ್ಪ ಏನೋ ಗೊಣಗಿದ. ಅವಳಿಗೆ "ಬೆಲ್ಲ" ಎಂದಂತೆ ಕೇಳಿಸಿತು. "ಬೆಲ್ಲ ಅಯ್ಯಾರ ಜೋಳಿಗ್ಯಾಗ ಐತಿ," ಎಂದು ಪೊಟ್ಟಣವನ್ನು ಬದಿಗಿಟ್ಟು, ಆ ಜಾಗದಲ್ಲಿ ಹತ್ತು ಖಡಕ್ ರೊಟ್ಟಿ ಇಟ್ಟು ಗಂಟು ಬಿಗಿದಳು. ಶಿವಪುತ್ರಪ್ಪ ಮತ್ತೆ ಗೊಣಗಿದ್ದು ಯಾರಿಗೂ ತಿಳಿಯಲಿಲ್ಲ. ಐವರೂ ಹೊರಟುಹೋದರು.

ಮಧ್ಯಾಹ್ನ ಪೊಟ್ಟಣ ಬಿಚ್ಚಿದರೆ ಒಳಗೆ ಹಲ್ಲಿನ ಸೆಟ್ಟು. ಶಿವಪುತ್ರಪ್ಪ ಹುಬ್ಬಳ್ಳಿಯಲ್ಲಿ ಕಟ್ಟಿಸಿಕೊಂಡು ಬಂದದ್ದು, ಮೇಲಿನ ಸಾಲು, ಕೆಳಗಿನ ಸಾಲು ಎರಡೂ. ತಿನ್ನಲಿಕ್ಕೆ ಅವನ ಗಂಟಿನಲ್ಲಿದ್ದದ್ದು ಬರೀ ಖಡಕ್ ರೊಟ್ಟಿ. "ಗಿರಿಜವ್ವಾ, ಅಂಗಡಿ ಕಡೆ ಲಕ್ಷ್ಯ ಇರ್ಲಿ. ಕೆರಿ ದಂಡಿತನಾ ಹೋಗಿ ಬಂದೆ," ಎಂದು ಪಕ್ಕದ ಮನೆಯವಳಿಗೆ ಕೂಗಿ ಹೇಳಿ, ಪೊಟ್ಟಣ ಸೆರಗಿಗೆ ಕಟ್ಟಿಕೊಂಡು ನೀಲಗಂಗವ್ವ ಬರಿಗಾಲಲ್ಲೇ ಓಡಿದಳು.

ಕೆರೆ ದಂಡೆಯಲ್ಲಿ ಅವರಿರಲಿಲ್ಲ. ಮುಂದಿನ ಊರಿನಲ್ಲೂ ಇಲ್ಲ. ಮರುದಿನ ಶಿರಸಿಯಲ್ಲಿ ವಿಚಾರಿಸಿದರೆ, ಬೆಳಿಗ್ಗೆಯೇ ಹೋದರು ಎಂದರು. ಅವರ ಹೆಗಲ ಮೇಲೆ ಭಾರವೇ ಇರಲಿಲ್ಲ, ಅದಕ್ಕೇ ಗಾಳಿಯಂತೆ ಹೋಗುತ್ತಿದ್ದರು. ಹಾಗೆ ಕಟ್ಟಿಕೊಟ್ಟವಳು ತಾನೇ ಎಂದು ನೆನಪಾಗಿ, ಅವಳಿಗೆ ಸಿಟ್ಟೂ ಬಂತು, ಸ್ವಲ್ಪ ಹೆಮ್ಮೆಯೂ ಆಯಿತು.

ಮೂರನೆಯ ದಿನ ಯಲ್ಲಾಪುರದಲ್ಲಿ ಚಹದ ಅಂಗಡಿಯ ಸೀತಾರಾಮ ಹೆಗಡೆ ಅವಳು ನಡುಗುವುದನ್ನು ಕಂಡು ಒಲೆಯ ಹತ್ತಿರ ಕೂರಿಸಿದ.

"ಎಂತ ಅಮ್ಮಾ, ಈ ಥಂಡಿಲಿ ಒಂದು ಕಂಬಳಿನೂ ಇಲ್ಯ?"

"ಮನ್ಯಾಗ ಏಳು ಅದಾವ್ರಿ," ಎಂದಳು ನೀಲಗಂಗವ್ವ.

ಕಾಡಿನ ಕಡೆ ಹೊರಟಿದ್ದ ಮರ ಸಾಗಿಸುವ ಲಾರಿಗೆ ಹತ್ತಿಸುತ್ತೇನೆಂದ ಹೆಗಡೆ. ಉಳವಿಯ ದಾರಿಯಲ್ಲಿ ಗಾಡಿ ಹತ್ತುವುದು ತಪ್ಪೆಂದು ಅವಳು ಒಪ್ಪಲಿಲ್ಲ. ಕೊನೆಗೆ ಅವನು ಖಾಲಿ ಗೋಣಿಚೀಲ ಕೊಟ್ಟ. ಅದನ್ನು ಕೈಯಲ್ಲೊಮ್ಮೆ ತೂಗಿ ನೋಡಿ, ತಲೆಯಿಂದ ಕೊಪ್ಪೆಯಂತೆ ಹೊದ್ದುಕೊಂಡು ನಡೆದಳು.

ನಾಲ್ಕನೆಯ ದಿನ ಕಾಳಿ ಹೊಳೆ ಮುಟ್ಟಿದಾಗ ದೋಣಿ ಆಚೆ ದಡದಲ್ಲಿತ್ತು. ಐವರೂ ಈಚೆಯ ಬಂಡೆಗಳ ಮೇಲೆ ಕುಳಿತಿದ್ದರು. ಶಿವಪುತ್ರಪ್ಪ ರೊಟ್ಟಿಯನ್ನು ಹೊಳೆಯ ನೀರಿನಲ್ಲಿ ನೆನೆಸಿ ಗುಳುಂ ಮಾಡುತ್ತಿದ್ದ. ಗೋಣಿ ಹೊದ್ದು ಬಂದವಳನ್ನು ಕಂಡು ಕರಡಿಯೆಂದೇ ತಿಳಿದು ಅರ್ಧ ರೊಟ್ಟಿಯನ್ನು ಅವಳ ಕಡೆಗೆ ಎಸೆದ.

"ನಿಮ್ಮ ಹಲ್ಲು, ಅಣ್ಣಾರ," ಎಂದು ಅವಳು ಸೆರಗಿನ ಗಂಟು ಬಿಚ್ಚಿ ಕೊಟ್ಟಳು. ಶಿವಪುತ್ರಪ್ಪ ಹೊಳೆಯಲ್ಲಿ ತೊಳೆದು ಹಾಕಿಕೊಂಡು, ನಾಲ್ಕು ದಿನಗಳಲ್ಲಿ ಮೊದಲ ಬಾರಿಗೆ ತಿಳಿಯುವಂತೆ ಮಾತಾಡಿದ: "ಆವತ್ತ ಹೇಳಿದ್ನಲ್ಲವ್ವಾ, ಹಲ್ಲು ಅಂತ!"

ಅಲ್ಲಿಂದ ಹಿಂದಿರುಗುವುದಕ್ಕಿಂತ ಉಳವಿಯೇ ಹತ್ತಿರ. ಹುಣ್ಣಿಮೆಯ ದಿನ ಅವಳೂ ಅವರೊಡನೆ ದರ್ಶನ ಮಾಡಿದಳು.

ಊರಿಗೆ ಬಂದ ಮೇಲೆ ಅವಳಿಗೂ ಸಂಗಯ್ಯನವರಿಗೂ ವಾದ ಹತ್ತಿತು. ಅವಳ ಯಾತ್ರೆ ಆಯಿತೆಂದು ಅವರು, ಆಗಿಲ್ಲವೆಂದು ಅವಳು.

"ನಾ ಹಲ್ಲು ಕೊಡಾಕ ಹೋಗಿದ್ದೆ, ಅಯ್ಯಾರ. ಸಾಮಾನಿಲ್ಲದ ಹೋದ್ರ ಅದು ಯಾತ್ರಿ ಹೆಂಗಾಕ್ಕೇತಿ?"

"ಪುಣ್ಯ ಬಂದಾತವ್ವಾ. ಬ್ಯಾಡ ಅಂದ್ರ ಎಲ್ಲಿ ಇಡ್ಲಿ ಅದನ್ನ?"

"ಶಿವಪುತ್ರಪ್ಪಣ್ಣಗ ಹಾಕ್ರಿ. ನಾಲ್ಕು ದಿನ ಅರ್ಧ ಉಪಾಸ ಬಿದ್ದಾನ."

ಈ ವಾದ ಎರಡು ವರ್ಷ ನಡೆಯಿತು. ಅಂಗಡಿಗೆ ಬಂದವರೆಲ್ಲ ಒಂದೊಂದು ಪಕ್ಷ ಹಿಡಿದರು. ಶಿವಪುತ್ರಪ್ಪ ಮಾತ್ರ ಆ ಪುಣ್ಯ ಕೊಟ್ಟರೆ ತೆಗೆದುಕೊಳ್ಳುತ್ತೇನೆಂದು ಬಾಗಿಲಲ್ಲಿ ಕುಳಿತಿರುತ್ತಿದ್ದ.